ಕೆರೆ ಕಡೆಗೆ ಅವನ ಸೈಕಲ್ಲು

"ಮುಟ್ಟಬೇಡಿ! ನಾನೇ ಎದ್ದೇಳ್ತೀನಿ!"

ಕೊತ್ತಗೆರೆ ಕೆರೆ ಏರಿಯ ಇಳಿಜಾರಿನಲ್ಲಿ ಬಿದ್ದಿದ್ದ ಪುಟ್ಟತಾಯಿ ಹಾಗೆ ಕೂಗಿದಾಗ, ಕೈ ಚಾಚಿ ನಿಂತಿದ್ದವನು ಬೆಚ್ಚಿ ಹಿಂದೆ ಸರಿದ.

ಅವಳ ಬಿಳಿ ಸೀರೆಯ ತುಂಬ ಕೆಮ್ಮಣ್ಣು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಪಕ್ಕದಲ್ಲಿ ಬಿದ್ದಿದ್ದ ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಅವಳ ಕಣ್ಣು ಹುಡುಕಿದ್ದು ಮಾತ್ರ ಒಂದನ್ನೇ... ಮಕ್ಕಳ ಲಸಿಕೆ ಇದ್ದ ಐಸ್ ಡಬ್ಬಿ!

ಡಬ್ಬಿ ಅವನ ಕೈಯಲ್ಲಿತ್ತು. ಮುಚ್ಚಳ ಅಲುಗಾಡಿಸಿ ನೋಡಿ, ಮೆಲ್ಲಗೆ ಅವಳ ಪಕ್ಕ ಇಟ್ಟ.

"ಒಳಗೇನೂ ಒಡ್ದಿಲ್ಲ ನರ್ಸಮ್ಮೋರೇ. ಆಷಾಢದ ಗಾಳಿ, ಈ ಏರಿ ಮೇಲೆ ಎಂಥೋರ್ನೂ ಬೀಳಿಸ್ತದೆ. ಕೊತ್ತಗೆರೆವರ್ಗೂ ನಾನು ಜೊತೇಲಿ..."

"ಬೇಡ! ನನಗೆ ಯಾರ ಸಹಾಯಾನೂ ಬೇಡ. ನಾನು ಬಿದ್ದಿದ್ದನ್ನ ಯಾರ ಹತ್ರಾನೂ ಹೇಳಬೇಡಿ, ಅಷ್ಟು ಸಾಕು."

ಅವನು ತಲೆಯಾಡಿಸಿದ. ತನ್ನ ಸೈಕಲ್ ಹತ್ತಿ ಹೊರಟುಹೋದ.

ಕುಣಿಗಲ್ಲಿನ ಒಂದು ಬೇಕರಿಯಿಂದ ಬನ್ನು, ರಸ್ಕು ತುಂಬಿಕೊಂಡು ಹಳ್ಳಿ ಅಂಗಡಿಗಳಿಗೆ ಹಾಕಿ ಬರುವ ಬೆಟ್ಟಸ್ವಾಮಿ ಅವನು. ಕ್ಯಾರಿಯರ್ ಮೇಲೆ ಅವನ ಹೆಗಲೆತ್ತರಕ್ಕೆ ಬರುವ ತಗಡಿನ ಪೆಟ್ಟಿಗೆ. ಅದು ಲಟಲಟ ಎನ್ನುತ್ತಾ ದೂರ ಹೋದ ಮೇಲೆಯೇ ಪುಟ್ಟತಾಯಿ ಕಣ್ಣೊರೆಸಿಕೊಂಡಿದ್ದು.

ಆ ಹುಡುಗಿಗೆ ಅಷ್ಟು ಬಿಗುಮಾನ ಯಾಕೆ ಎಂದು ನೀವು ಕೇಳಬಹುದು. ಬಿಗುಮಾನವಲ್ಲ ಅದು, ಭಯ!

ಎಂಬತ್ತನಾಲ್ಕನೇ ಇಸವಿ. ಸರ್ಕಾರಿ ನರ್ಸ್ ಕೆಲಸಕ್ಕೆ ಸೇರಿ ಇನ್ನೂ ಹೊಸತು. ಮೊದಲ ದಿನವೇ ಆಸ್ಪತ್ರೆಯ ದೊಡ್ಡ ಡಾಕ್ಟರು ಹೇಳಿದ್ದರು, "ಸೈಕಲ್ಲಲ್ಲಿ ಹಳ್ಳಿ ಸುತ್ತೋಕೆ ಆಗದಿದ್ರೆ ಈಗಲೇ ಹೇಳಮ್ಮ. ಈ ಜಾಗಕ್ಕೆ ಬೇರೆಯವರನ್ನ ಹಾಕಿಸ್ತೀನಿ." ಅಪ್ಪ ಇಲ್ಲದ ಮನೆ. ಕಂಡವರ ಮನೆಯಲ್ಲಿ ರಾಗಿ ಬೀಸಿ ಓದಿಸಿದ ಅಮ್ಮ ದೊಡ್ಡಗಂಗಮ್ಮನ ಕೈ ಈಗಲೂ ಒರಟು. ಈ ಕೆಲಸ ಹೋದರೆ ಆ ಕೈಗಳು ಮತ್ತೆ ಬೀಸುವ ಕಲ್ಲಿಗೇ ಹೋಗಬೇಕು...

ಮಾರನೆಯ ದಿನ ಬೆಳಗ್ಗೆ ಏರಿ ಶುರುವಾಗುವ ತೂಬಿನ ಹತ್ತಿರ ಅವನು ನಿಂತಿದ್ದ. ಚೈನ್ ಸರಿ ಮಾಡುತ್ತಿರುವವನ ಹಾಗೆ ಬಗ್ಗಿದ್ದ. ಅವಳು ಏರಿ ಹತ್ತಿದ ಕೂಡಲೇ ಹಿಂದೆಯೇ ಬಂದ. ಕೆರೆ ಇದ್ದ ಕಡೆಗೆ ಸೈಕಲ್ ಹಾಕಿಕೊಂಡು, ಅವಳಿಗಿಂತ ಒಂದು ಮಾರು ಮುಂದೆ, ಮುಂದಕ್ಕೂ ಹೋಗದೆ ಹಿಂದಕ್ಕೂ ಉಳಿಯದೆ ತುಳಿದ. ಒಂದು ಮಾತಿಲ್ಲ! ಏರಿ ಮುಗಿದ ಮೇಲೆ ಒಮ್ಮೆ ಬೆಲ್ ಹೊಡೆದು ತನ್ನ ದಾರಿ ಹಿಡಿದ.

ಮಧ್ಯಾಹ್ನ ವಾಪಸ್ ಬರುವಾಗಲೂ ಅದೇ. ಆಗ ಕೆರೆ ಬಲಕ್ಕೆ. ಇವನು ಬಲಕ್ಕೇ ಹೋದ!

'ರಾಂಗ್ ಸೈಡಲ್ಲಿ ಬರ್ತಾನಲ್ಲ, ಈ ಮನುಷ್ಯನಿಗೆ ರೋಡಿನ ರೂಲ್ಸೇ ಗೊತ್ತಿಲ್ವಾ?' ಎಂದುಕೊಂಡಳು ಅವಳು.

ದಿನವೂ ಹೀಗೇ ನಡೆಯಿತು. ಪುಟ್ಟತಾಯಿಗೆ ಸಿಟ್ಟು ಬರಬೇಕಿತ್ತು. ಆದರೆ ಮನಸ್ಸು ಎಂಬುದು ಯಾರ ಮಾತು ಕೇಳುತ್ತದೆ? ಬೆಳಗ್ಗೆ ಎದ್ದರೆ ಕಿವಿ ಆ ತಗಡಿನ ಪೆಟ್ಟಿಗೆಯ ಸದ್ದನ್ನೇ ಹುಡುಕುತ್ತಿತ್ತು. ಒಂದು ದಿನ ಅವನು ತಡವಾದಾಗ ಟೈರಿನ ಗಾಳಿ ನೋಡುವ ನೆಪದಲ್ಲಿ ತೂಬಿನ ಹತ್ತಿರ ನಿಂತೇಬಿಟ್ಟಳು.

'ಛೇ! ಏನಾಗಿದೆ ನನಗೆ?'

ಅವನು ಬಂದ. ಅವಳು ಕಾದಿದ್ದನ್ನು ಕಂಡರೂ ಕಾಣದವನ ಹಾಗೆ, "ರಸ್ಕು ಇನ್ನೂ ಬಿಸಿ ಐತೆ. ತಗೋತೀರಾ?" ಎಂದ.

"ಬೇಡ," ಎಂದಳು. ಏರಿ ಮುಗಿಯುವವರೆಗೂ ಆ 'ಬೇಡ'ವನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಯೋಚಿಸುತ್ತಿದ್ದಳು.

ಆದರೆ ಊರಿಗೂ ಕಣ್ಣಿರುತ್ತದಲ್ಲ!

"ಏನ್ಲೇ ಪುಟ್ಟಿ," ಒಂದು ಸಂಜೆ ಅಮ್ಮ ಬಿಂದಿಗೆ ಕುಕ್ಕಿ ಕೇಳಿದಳು. "ಕೊತ್ತಗೆರೆ ರೋಡಲ್ಲಿ ಜೋಡಿ ಸೈಕಲ್ ಓಡ್ತವಂತೆ? ಆ ಪಕ್ಕದ್ಮನೆ ಚಿಕ್ಕಮಾರಮ್ಮ ನಲ್ಲಿ ಹತ್ರ ಎಲ್ರ ಎದ್ರಿಗೇ ಕೇಳಿದ್ಲು ಕಣೇ! ದೊಡ್ಡ ಡಾಕ್ಟ್ರು ಕಿವಿಗೆ ಬಿದ್ರೆ ಕೆಲ್ಸ ಉಳೀತದಾ?"

ಪುಟ್ಟತಾಯಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಗಾಳಿ ಎಂದಿಗಿಂತ ಜೋರಿತ್ತು. ಅವನ ಪೆಟ್ಟಿಗೆ ಅವಳ ಹ್ಯಾಂಡಲ್ಲಿಗೆ ಇನ್ನೇನು ತಾಗಬೇಕು, ಅಷ್ಟು ಹತ್ತಿರ ಬಂತು. ಏರಿಯ ಕೊನೆಯಲ್ಲಿ ಗುಂಡಯ್ಯನ ಟೀ ಅಂಗಡಿ. ಅಲ್ಲಿ ಕೂತಿದ್ದವರು ಇವರನ್ನು ನೋಡಿ ಮೊಣಕೈಯಲ್ಲಿ ತಿವಿದುಕೊಂಡು ನಕ್ಕರು.

ಅವಳು ಗಕ್ಕನೆ ಬ್ರೇಕ್ ಹಾಕಿದಳು.

"ಇಷ್ಟಗಲ ರೋಡಿದೆ, ಕಣ್ಣು ಕಾಣಲ್ವಾ ನಿಮಗೆ? ಹೋಗ್ತಾನೂ ಕೆರೆ ಕಡೆ, ಬರ್ತಾನೂ ಕೆರೆ ಕಡೆ! ನನ್ನನ್ನ ಅಂಚಿಗೆ ಒತ್ತಿ ಒತ್ತಿ ಕೆಳಕ್ಕೆ ಬೀಳಿಸಬೇಕು ಅಂತಾನಾ? ಒಂಟಿ ಹೆಣ್ಣು ಅಂತ ದಿನಾ ಪಕ್ಕದಲ್ಲಿ ಅಂಟ್ಕೊಂಡು ಬರೋಕೆ ನಾಚಿಕೆ ಆಗಲ್ವಾ?"

ಟೀ ಲೋಟಗಳು ಅಲ್ಲಲ್ಲೇ ನಿಂತವು. ಬೆಟ್ಟಸ್ವಾಮಿಯ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ... ಸುತ್ತ ಇದ್ದವರನ್ನು ನೋಡಿದ... ಮುಚ್ಚಿಕೊಂಡ.

"ಆಯ್ತು ನರ್ಸಮ್ಮೋರೇ. ಇನ್ಮ್ಯಾಕೆ ಈ ದಾರೀಲಿ ಬರಲ್ಲ."

ಅವನು ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಕೆರೆಯ ಹಿಂಬದಿಯ ಸುತ್ತು ದಾರಿ ಹಿಡಿದ. ಆ ದಾರಿಯೋ, ಬರೀ ಕೊರಕಲು, ಕಲ್ಲು.

ಪುಟ್ಟತಾಯಿ ಒಬ್ಬಳೇ ಏರಿ ಹತ್ತಿದಳು. ಏನಾಶ್ಚರ್ಯ! ಸೈಕಲ್ಲು ಅವಳ ಮಾತೇ ಕೇಳುತ್ತಿಲ್ಲ. ಹ್ಯಾಂಡಲ್ಲು ಇಳಿಜಾರಿನ ಕಡೆಗೇ ಎಳೆಯುತ್ತದೆ, ಸೆರಗು ಮುಖಕ್ಕೆ ಬಡಿಯುತ್ತದೆ. ಅರ್ಧ ಏರಿ ತಳ್ಳಿಕೊಂಡೇ ನಡೆದಳು. ಲಸಿಕೆ ತಲುಪುವಷ್ಟರಲ್ಲಿ ಕಾದು ಕಾದು ತಾಯಂದಿರು ಮನೆಗೆ ಹೋಗಿದ್ದರು. ಮಾರನೆಯ ದಿನವೂ ಹಾಗೇ ಆಯಿತು.

ಕುಣಿಗಲ್ಲಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಬಾಬಾ ಜಾನ್ ಹತ್ತಿರ ಹೋದಳು.

"ಏನೋ ಕೆಟ್ಟಿದೆ ಬಾಬಾ ಜಾನಣ್ಣ. ಒಂದೇ ಕಡೆ ಎಳೆಯುತ್ತೆ."

ಅವರು ಚಕ್ರ ತಿರುಗಿಸಿ ನೋಡಿದರು, ಹ್ಯಾಂಡಲ್ ಅಲ್ಲಾಡಿಸಿದರು. "ಗಾಡಿ ಪಸಂದಾಗಿ ಐತಮ್ಮ. ಗಾಳಿ ಅಷ್ಟೇ."

"ಗಾಳಿ ಮೊದಲೂ ಇತ್ತಲ್ಲಣ್ಣ? ಆಗ ಎಳೀತಿರಲಿಲ್ಲ."

"ಅದ್ಹೆಂಗಮ್ಮ ಆಗ್ತದೆ?" ಎಂದರು ಬಾಬಾ ಜಾನ್. ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಶುಕ್ರವಾರ, ಏರಿಯ ನಡುವೆ.

ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಕೆರೆಯ ಅಂಚಿನಲ್ಲಿ ನಿಧಾನವಾಗಿ ಸಾಗುತ್ತಿತ್ತು. ಅವಳು ಹಲ್ಲು ಕಚ್ಚಿ ತುಳಿಯುತ್ತಾ ಅದರ ಪಕ್ಕಕ್ಕೆ ಬಂದಳು. ಥಟ್ಟನೆ ಗಾಳಿ ನಿಂತಿತು! ಸೆರಗು ಬೆನ್ನ ಮೇಲೆ ಕೂತಿತು. ಸೈಕಲ್ಲು ನೆಟ್ಟಗಾಯಿತು.

ತಲೆಯೆತ್ತಿ ನೋಡಿದಳು. ದೂರದ ತೋಟದಲ್ಲಿ ತೆಂಗಿನ ಗರಿಗಳು ಮುಂಚಿನಂತೆಯೇ ಹೊಯ್ದಾಡುತ್ತಿದ್ದವು. ಗಾಳಿ ನಿಂತಿರಲಿಲ್ಲ...

ಗಾಡಿಯನ್ನು ದಾಟಿದಳು. ಕೆರೆಯ ಮೇಲಿಂದ ಬಂದ ಗಾಳಿ ರಪ್ಪನೆ ಬಡಿದು ಅವಳನ್ನು ಇಳಿಜಾರಿನ ಅಂಚಿಗೆ ತಳ್ಳಿತು.

ಅವಳು ಇಳಿದು ನಿಂತುಬಿಟ್ಟಳು.

ಹೋಗುವಾಗಲೂ ಕೆರೆ ಕಡೆ. ಬರುವಾಗಲೂ ಕೆರೆ ಕಡೆ. ಆ ದೊಡ್ಡ ಪೆಟ್ಟಿಗೆ. ಒಂದು ಮಾರು ಮುಂದೆ... ಅಷ್ಟು ದಿನ ಅವಳ ಪಾಲಿನ ಗಾಳಿಯನ್ನೆಲ್ಲ ಅವನೊಬ್ಬನೇ ತಡೆದಿದ್ದ!

'ದೇವರೇ... ನಾನು ಎಂಥಾ ಮಾತಾಡಿಬಿಟ್ಟೆ!'

ನಡು ಏರಿಯಲ್ಲಿ ನಿಂತು ಅತ್ತಳು. ಅತ್ತು ಮುಗಿದ ಮೇಲೆ ಗುಂಡಯ್ಯನ ಅಂಗಡಿಗೆ ಹೋಗಿ ನೇರವಾಗಿ ಕೇಳಿದಳು, "ಬೆಟ್ಟಸ್ವಾಮಿಯವರು ಎಲ್ಲಿ ಸಿಗ್ತಾರೆ?"

ಗುಂಡಯ್ಯ ಅವಳ ಮುಖ ನೋಡದೆ ಲೋಟ ತೊಳೆದ. "ನಾಳೆ ಒಂದಿನ ಅಷ್ಟೇ ಕಣಮ್ಮ ಅವ್ನು. ಸುತ್ತು ದಾರೀಲಿ ಬನ್ನು ಲೇಟಾಗ್ತದೆ ಅಂತ ಅಂಗಡಿಯೋರೆಲ್ಲ ಬ್ಯಾಡ ಅಂದ್ರು. ತುಮಕೂರಲ್ಲಿ, ಅಂತರಸನಹಳ್ಳೀಲಿ ಯಾವ್ದೋ ಫ್ಯಾಕ್ಟ್ರಿಗೆ ಸೋಮವಾರ ಸೇರ್ಕೊತಾವ್ನೆ."

ಅವಳ ಒಂದು ಮಾತು ಅವನ ಅನ್ನವನ್ನೇ ಕಿತ್ತುಕೊಂಡಿತ್ತು.

ಸಂಜೆ ಅಮ್ಮನ ಮುಂದೆ ಕೂತು ಎಲ್ಲ ಹೇಳಿದಳು. ಬಿದ್ದದ್ದು, ಅವನು ಬಾಯಿ ಬಿಡದಿದ್ದದ್ದು, ತಾನು ಬೈದದ್ದು. ಕೊನೆಗೆ, "ಅವರು ಇಲ್ಲದಿದ್ರೆ ನನಗೆ ಆಗಲ್ಲಮ್ಮ... ದಾರಿಗೆ ಅಂತ ಅಲ್ಲ," ಎಂದಳು.

ದೊಡ್ಡಗಂಗಮ್ಮ ಒರಟು ಕೈಯಿಂದ ಮಗಳ ಕೆನ್ನೆ ಒರೆಸಿದಳು.

"ಊರೋರು ಅಂದ್ರೆ ಅನ್ಕೊಳ್ಲಿ ಬುಡು. ನಾಳೆ ಹೋಗಿ ಕೇಳು. ಬಂದ್ರೆ ಮನೆಗೆ ಕರ್ಕೊಂಡು ಬಾ."

ಶನಿವಾರ ಬೆಳಗ್ಗೆ ಬೆಟ್ಟಸ್ವಾಮಿ ತೂಬಿನ ಹತ್ತಿರ ಬಂದಾಗ, ಸುತ್ತು ದಾರಿಗೆ ಅಡ್ಡವಾಗಿ ಒಂದು ಲೇಡೀಸ್ ಸೈಕಲ್ ನಿಂತಿತ್ತು.

"ದಾರಿ ಬಿಡಿ ನರ್ಸಮ್ಮೋರೇ."

"ಬಿಡಲ್ಲ. ಗಾಳಿಗೆ ಅಡ್ಡ ಬರ್ತಿದೀನಿ ಅಂತ ಯಾಕೆ ಹೇಳಲಿಲ್ಲ ನೀವು?"

ಅವನು ಹ್ಯಾಂಡಲ್ ಕಡೆ ನೋಡಿದ. "ಸಹಾಯ ಬ್ಯಾಡ ಅಂದಿದ್ರಲ್ಲ. ಹೇಳಿದ್ರೆ ಅದೂ ಬ್ಯಾಡ ಅಂದ್ಬುಡ್ತಿದ್ರಿ. ಮತ್ತೆ ಬೀಳ್ತಿದ್ರಿ... ಅದನ್ನ ನನ್ನ ಕೈಲಿ ನೋಡಕ್ಕಾಗ್ತಿರ್ಲಿಲ್ಲ."

ಪುಟ್ಟತಾಯಿ ಸೈಕಲ್ಲನ್ನು ದಾರಿಯಿಂದ ಸರಿಸಲಿಲ್ಲ.

"ಅಂತರಸನಹಳ್ಳಿಗೆ ಹೋಗಲೇಬೇಕಾ?"

"ಹೋಗೋ ಮನಸ್ಸಿಲ್ಲ. ಈ ಕೆರೆ ಕಣ್ಣಿಗೆ ಬೀಳದೇ ಇರೋ ಜಾಗ ಬೇಕಾಗಿತ್ತು, ಅಷ್ಟೇ."

"ನಾನು ಎಲ್ಲರೆದುರು ಬೈದೆ. ಎಲ್ಲರೆದುರೇ ತಪ್ಪಾಯ್ತು ಅಂತ ಹೇಳ್ತೀನಿ. ಗುಂಡಯ್ಯನ ಅಂಗಡಿವರೆಗೂ ನನ್ನ ಜೊತೆ ಏರಿ ಮೇಲೆ ಬನ್ನಿ."

"ಜೋಡಿ ಸೈಕಲ್ ಅಂತಾರೆ..."

"ಅನ್ನಲಿ! ನಿಜಾನೇ ಅಂತಾರೆ."

ಅವನು ತಲೆಯೆತ್ತಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಅಮ್ಮ ಮನೆಗೆ ಕರ್ಕೊಂಡು ಬಾ ಅಂದಿದ್ದಾರೆ," ಎಂದಳು. "ಇನ್ಮೇಲೆ ನರ್ಸಮ್ಮೋರೇ ಅನ್ನಬೇಡಿ. ಪುಟ್ಟತಾಯಿ ಅನ್ನಿ."

ಬೆಟ್ಟಸ್ವಾಮಿಯ ಕಣ್ಣು ತುಂಬಿತು. ಹೆಸರು ಹೇಳಲು ಹೋದ, ಆಗಲಿಲ್ಲ. ಸೈಕಲ್ಲನ್ನು ಏರಿಯ ಕಡೆಗೆ ತಿರುಗಿಸಿದ.

ಇಬ್ಬರೂ ಹೊರಟರು. ಆದರೆ ಪುಟ್ಟತಾಯಿ ಅವನ ಮುಂದಿನಿಂದ ಹಾದು ಕೆರೆಯ ಅಂಚಿಗೆ ಬಂದಳು.

"ಅದು ನನ್ ಜಾಗ!"

"ಇವತ್ತು ನನ್ನದು. ನೀವು ಆ ಕಡೆ ಬನ್ನಿ."

ಗಾಳಿ ಬೀಸಿತು. ಅವಳ ಹ್ಯಾಂಡಲ್ಲು ಓಲಾಡಿತು.

"ಪುಟ್ಟತಾಯಿ... ಬಿದ್ಬುಡ್ತೀರಾ!"

"ಬಿದ್ರೆ ಕೈ ಕೊಡಿ," ಎಂದಳು ಅವಳು. "ಈ ಸಲ ಹಿಡ್ಕೋತೀನಿ."