ಹೆಬ್ಬೆಟ್ಟಿನ ಮಸಿ

ಹದಿನಾಲ್ಕನೇ ತಾರೀಕು ಬೆಳಿಗ್ಗೆ 10:15ಕ್ಕೆ ಠಾಣೆಗೆ ಬಂದ ಬಾಣಂತಿ, ಕೂಸನ್ನು ಗಂಡನ ಕೈಗೆ ಕೊಟ್ಟು ದೂರು ಹೇಳಿದಳು. ಅವಳು ಶಾಲೆಯ ಟೀಚರು.

"ಆಸ್ಪತ್ರೇಲಿ ಎಚ್ಚರ ಆದಾಗ ಹೆಬ್ಬೆಟ್ಟಿನ ತುಂಬ ಮಸಿ ಇತ್ತು ಸಾರ್. ನಾನು ಸಹಿ ಹಾಕೋಳು. ನನ್ನ ಹೆಬ್ಬೆಟ್ಟು ಯಾತಕ್ಕೆ ಒತ್ತಿಸ್ಕೊಂಡ್ರು?"

"ಅವರನ್ನೇ ಕೇಳಿದ್ರಾ?"

"ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಹೆರಿಗೆ ಸಲೀಸಾಗಿ ಆಯ್ತಲ್ಲ, ಆಮೇಲೆ ಹೊಟ್ಟೆ ಯಾಕೆ ಕೊಯ್ದ್ರಿ ಅಂದ್ರೆ, ರಕ್ತ ನಿಲ್ಲಿಸೋಕಮ್ಮ ಅಂತಾರೆ, ಅಷ್ಟೇ."

ಇನ್‌ಸ್ಪೆಕ್ಟರಿಗೆ ಮೊದಲು ಬಂದದ್ದು ಆಸ್ತಿಯ ಅನುಮಾನ. ಎಫ್‌ಐಆರ್ ಬರೆದ ದಫೇದಾರನಂತೂ ಅತ್ತೆಯೇ ಕಳ್ಳಿ ಎಂದು ತೀರ್ಪು ಕೊಟ್ಟುಬಿಟ್ಟ. ವಿಚಾರಿಸಿದರೆ ಆ ಮನೆಯಲ್ಲಿ ಬರೆಸಿಕೊಳ್ಳಲು ಅಂಗೈಯಗಲ ಜಾಗವೂ ಇರಲಿಲ್ಲ.

ಮಧ್ಯಾಹ್ನ 1:00ಕ್ಕೆ ಪಂಚನಾಮೆ ಮಾಡಿ ಆಸ್ಪತ್ರೆಯ ಕಡತ ವಶಪಡಿಸಿಕೊಂಡರು. ಅದರಲ್ಲಿ ಒಪ್ಪಿಗೆ ಪತ್ರವಿತ್ತು: ರಕ್ತಸ್ರಾವ ನಿಲ್ಲದ ಕಾರಣ ಗರ್ಭಕೋಶ ತೆಗೆಯಲು ತಾಯಿಯ ಸಮ್ಮತಿ. ಕೆಳಗೆ ಹೆಬ್ಬೆಟ್ಟು, ಹೆರಿಗೆಯ ದಿನದ ತಾರೀಕು, ಸಮಯ 11:40. ಪಕ್ಕದ ಹಾಳೆಯಲ್ಲಿ ಅರಿವಳಿಕೆ ಕೊಟ್ಟ ಸಮಯ 11:25. ಪ್ರಜ್ಞೆ ಇಲ್ಲದವಳು ಒಪ್ಪಿದ್ದು ಹೇಗೆ? ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡ. ಗರ್ಭಕೋಶ ಹೋದದ್ದು ಆ ತಾಯಿಗೆ ಇನ್ನೂ ಗೊತ್ತೇ ಇಲ್ಲ ಎಂದು ಹೊಳೆದಾಗ ಅವನಿಗೆ ನಿಜಕ್ಕೂ ಸಂಕಟವಾಯಿತು.

"ತೆಗೀದೆ ಇದ್ದಿದ್ರೆ ಜೀವ ಉಳೀತಿರ್ಲಿಲ್ಲ," ಎಂದರು ಆಪರೇಷನ್ ಮಾಡಿದ ಡಾಕ್ಟರಮ್ಮ. "ತಾಯಿಗೆ ಹೇಳಿ ಒಪ್ಪಿಗೆ ತಗೊಳ್ಳಿ ಅಂತ ನರ್ಸಿಗೆ ಹೇಳಿದ್ದೆ. ಹೇಳಿದಾರೆ ಅಂತಲೇ ತಿಳ್ಕೊಂಡೆ."

ಹಿರಿಯ ನರ್ಸು ಮುಚ್ಚಿಡಲಿಲ್ಲ.

"ಹೆಬ್ಬೆಟ್ಟು ಒತ್ತಿಸಿದ್ದು ಯಾರು?"

"ನಾನೇ."

"ಟೈಮನ್ನಾದ್ರೂ ಹಿಂದೆ ಹಾಕಬಹುದಿತ್ತಲ್ಲ?"

"ಇಪ್ಪತ್ತು ವರ್ಷದಲ್ಲಿ ಟೈಮ್ ತಪ್ಪು ಬರೆದೋಳಲ್ಲ ಸಾರ್. ಕೈ ಬರಲಿಲ್ಲ."

ಸಂಜೆ 4:20ಕ್ಕೆ ನರ್ಸಿನ ಬಂಧನ ದಾಖಲಾಯಿತು. ಆಮೇಲೆ ಇನ್‌ಸ್ಪೆಕ್ಟರ್ ಬಾಣಂತಿಯನ್ನು ಕರೆಸಿ ಎದುರು ಕೂರಿಸಿ, "ನೀವೇ ಹೇಳಿ," ಎಂದು ನರ್ಸಿಗೆ ಹೇಳಿದ.

ನರ್ಸು ಎಲ್ಲ ಹೇಳಿದಳು. ಗರ್ಭಕೋಶ ಬಿಗಿಯಲಿಲ್ಲ, ಔಷಧಿ ನಾಟಲಿಲ್ಲ, ಗಂಡ ರಕ್ತ ತರಲು ಓಡಿದ್ದ. ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಬಾಣಂತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಅವತ್ತು ಯಾಕೆ ಹೇಳ್ಲಿಲ್ಲ ಅಕ್ಕಾ? ನಾನು ಎಚ್ಚರವಾಗೇ ಇದ್ದೆ. ಏನಾಗ್ತಿದೆ ಅಂತ ಕೇಳ್ದೆ ಕೂಡ."

"ಹಿಂದೊಬ್ಬ ತಾಯಿಗೆ ಹೀಗೇ ನಿಜ ಹೇಳಿದ್ದೆ. ಬೇಡ ಅಂತ ಹಟ ಹಿಡಿದ್ಲು. ನಾನು ಒಪ್ಪಿಸೋಷ್ಟರಲ್ಲಿ ಹೋಗ್ಬಿಟ್ಲು. ನೀನೂ ಬೇಡ ಅಂದ್ರೆ ಅಂತ ಹೆದರಿದೆ."

ಬಾಣಂತಿ ತನ್ನ ಹೆಬ್ಬೆಟ್ಟು ನೋಡಿಕೊಂಡಳು.

"ಹೂಂ ಅಂತಿದ್ನೋ, ಬೇಡ ಅಂತಿದ್ನೋ, ನಂಗೂ ತಿಳೀತಿಲ್ಲ. ಈಗ ಯಾರನ್ನ ಕೇಳ್ಲಿ ಅಕ್ಕಾ?"