ಹಳದಿ ಗೆರೆಯ ಈಚೆ

“ಅಮ್ಮಾ, ಒಂದೇ ಒಂದ್ಸಲ! ಬೆನ್ನು ಮಾತ್ರ ಮುಟ್ತೀನಿ.”

“ಹಳದಿ ಗೆರೆ ದಾಟಿದ್ರೆ ನಾಳೆಯಿಂದ ನೀನಿಲ್ಲಿಗೆ ಬರೋ ಹಾಗಿಲ್ಲ, ಚೂಟಿ.”

ಅಮ್ಮನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. ಗುಂಡ ಎಂಬ ಚಿರತೆಯ ಬೋನಿನ ಮುಂದೆ ಅವಳು ನಿಲ್ಲುವುದೇ ಹಾಗೆ. ಇವಳಿಗೆ ಗುಂಡನ ಮೇಲೆ ಪ್ರೀತಿಯೇ ಇಲ್ಲವೇನೋ ಎಂದು ಚೂಟಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅಮ್ಮನಿಗೆ ಕಾಡುಪ್ರಾಣಿಗಳ ಆರೈಕೆ ಕೇಂದ್ರದಲ್ಲಿ ಕೆಲಸ. ತಾಯಿಯಿಲ್ಲದ ಗುಂಡ ಅಲ್ಲಿಗೆ ಬಂದಾಗ ಬೆಕ್ಕಿನ ಮರಿಯಷ್ಟಿದ್ದ. ಅಮ್ಮನೂ ಚೂಟಿಯೂ ಸೇರಿ ಬಾಟಲಿಯಲ್ಲಿ ಹಾಲು ಕುಡಿಸಿದ್ದರು. ಹೊಟ್ಟೆ ತುಂಬಿದರೆ ಚೂಟಿಯ ಮಡಿಲಲ್ಲೇ ಅವನ ನಿದ್ದೆ. ಈಗ ಅವನಿಗೆ ಎರಡು ವರ್ಷ, ಪಂಜ ಚೂಟಿಯ ಅಂಗೈಗಿಂತ ದೊಡ್ಡದು.

“ಚಿರತೆ ನನ್ನ ಫ್ರೆಂಡು. ನಾನು ಮುಟ್ಟಿರೋ ಫೋಟೋ ನಾಳೆ ತರ್ತೀನಿ, ನೋಡ್ತಿರಿ!” ಎಂದು ಚೂಟಿ ಇಡೀ ಕ್ಲಾಸಿನ ಮುಂದೆ ಬಡಾಯಿ ಕೊಚ್ಚಿಬಿಟ್ಟಿದ್ದಳು. ಬರಿಗೈಯಲ್ಲಿ ಹೋದರೆ ಮಾನ ಉಳಿಯುತ್ತದೆಯೇ?

ಅಮ್ಮ ನೀರಿನ ಪೈಪ್ ತರಲು ಹೋದಳು. ಅವಳ ಫೋನ್ ಬೆಂಚಿನ ಮೇಲಿತ್ತು. ಚೂಟಿ ಅದನ್ನೆತ್ತಿಕೊಂಡು ಗೆರೆ ದಾಟಿದಳು.

“ಗುಂಡಾ, ನಾನು ಕಣೋ!”

ಗುಂಡ ಎದ್ದು ಬಂದ. ಚಿಕ್ಕವನಿದ್ದಾಗಿನಂತೆಯೇ ಸರಳಿಗೆ ಕೆನ್ನೆ ಉಜ್ಜಿದ. ಚೂಟಿಗೆ ಹಿಗ್ಗೋ ಹಿಗ್ಗು. ಕೈ ಚಾಚಿದಳು.

ಪಂಜ ಬಂದದ್ದು ಅವಳಿಗೆ ಕಾಣಿಸಲೇ ಇಲ್ಲ. ಸ್ವೆಟರಿನ ತೋಳು ಪರ್ರನೆ ಹರಿಯಿತು. ಅವಳು ಹಿಂದಕ್ಕೆ ಬಿದ್ದಳು.

ಅಮ್ಮ ಓಡಿಬಂದು ಅವಳನ್ನು ಗೆರೆಯ ಈಚೆಗೆ ಎಳೆದುಕೊಂಡಳು. ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಆದರೂ ಅವಳು ಹಿಡಿದ ತೋಳನ್ನು ಬಿಡಲಿಲ್ಲ.

“ಅವನಿಗೆ ನನ್ ಮೇಲೆ ಕೋಪಾನಾ?” ಚೂಟಿ ಬಿಕ್ಕಿದಳು.

“ಕೋಪ ಅಲ್ಲ ಪುಟ್ಟಾ, ಆಟ. ಅವನ ಆಟಾನ ನಮ್ಮ ಮೈ ತಡೆಯಲ್ಲ.”

ಗುಂಡ ಉಣ್ಣೆಯ ಚೂರನ್ನು ಪಂಜದಲ್ಲಿ ಉರುಳಿಸಿ ಆಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅದು ಸಾಕಾಗಿ, ಅಮ್ಮನ ಕಡೆ ನೋಡುತ್ತ ಮತ್ತೆ ಸರಳಿಗೆ ಕೆನ್ನೆ ಉಜ್ಜಿದ. ಅಮ್ಮನ ಕೈ ಎರಡೂ ಜೇಬಿಗಿಳಿದವು. ಒಳಗೆ ಮುಷ್ಟಿ ಬಿಗಿಯಾದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಚೂಟಿ ಅದನ್ನು ಗಮನಿಸಿದ್ದು ಅವತ್ತೇ ಮೊದಲು.

“ಅಮ್ಮಾ, ನಿಂಗೂ ಮುಟ್ಬೇಕು ಅನ್ಸುತ್ತಾ?”

“ದಿನಾ ಅನ್ಸುತ್ತೆ.”

ಚೂಟಿ ಕಣ್ಣೊರೆಸಿಕೊಂಡಳು. “ನಾಳೆ ಕ್ಲಾಸಲ್ಲಿ ಈ ಹರಿದ ತೋಳೇ ತೋರಿಸ್ತೀನಿ,” ಎಂದಳು.

ಆಮೇಲೆ ಅಮ್ಮನ ಪಕ್ಕಕ್ಕೆ ಬಂದು, ಹಳದಿ ಗೆರೆಯ ಈಚೆ ನಿಂತು, ತನ್ನ ಕೈಗಳನ್ನೂ ಜೇಬಿನೊಳಗೆ ಇಳಿಸಿದಳು.