ಊಟೆ ಐತೆ

ಎರಡು ಗಾಜಿನ ಕೊಳವೆಗಳಲ್ಲೂ ಇದ್ದದ್ದು ದೊಡ್ಡಮರಳೂರಿನ ಹಳ್ಳದ ಮರಳೇ. ಡಾ. ಧಾತ್ರಿ ಮೊದಲನೆಯದಕ್ಕೆ ಒಂದು ಲೋಟ ನೀರು ಸುರಿದಳು. ಅದು ಮರಳಿನ ಸಂದುಗಳಲ್ಲಿ ಹಾದು ಕೆಳಗಿನ ತಟ್ಟೆಗೆ ಇಳಿದುಹೋಯಿತು. ಎರಡನೆಯದಕ್ಕೆ ಸುರಿದ ನೀರು ಮಾತ್ರ ಮರಳಿನ ಮೇಲೆ ಕನ್ನಡಿಯಂತೆ ನಿಂತಿತು. ನೆರೆದವರು ಚಪ್ಪಾಳೆ ತಟ್ಟಿದರು.

ಎರಡನೆಯ ಕೊಳವೆಯಲ್ಲಿ ಅವಳ ಗಾರೆಜೀವಿಗಳು ಕೆಲಸ ಮಾಡಿದ್ದವು. ಮಣ್ಣಿನಲ್ಲಿ ಸಹಜವಾಗಿ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ಏಳು ವರ್ಷ ಪಳಗಿಸಿ ಅವಳೇ ಇಟ್ಟ ಹೆಸರು ಅದು. ಯೂರಿಯಾವನ್ನೂ ಸುಣ್ಣದ ಅಂಶವುಳ್ಳ ಲವಣವನ್ನೂ ಉಣಿಸಿದರೆ ಆ ಜೀವಿ ಯೂರಿಯಾವನ್ನು ಒಡೆದು, ತನ್ನ ಸುತ್ತ ಸುಣ್ಣಕಲ್ಲಿನ ಹರಳುಗಳನ್ನು ಬೆಳೆಸುತ್ತದೆ. ಹರಳುಗಳು ಮರಳಿನ ಕಣಗಳನ್ನು ಬೆಸೆದು ನೀರಿನ ದಾರಿಯನ್ನು ಮುಚ್ಚುತ್ತವೆ. ಹಳ್ಳದ ಮರಳಿನಡಿ, ದಡದಿಂದ ದಡಕ್ಕೆ, ತಳದ ಬಂಡೆಯವರೆಗೆ ಇಂಥ ಗೋಡೆಯೊಂದು ಎದ್ದು ೨೦೫೯ರ ಆ ಬೇಸಿಗೆಗೆ ಎರಡು ವರ್ಷವಾಗಿತ್ತು. ಮರಳಿನೊಳಗೆ ಗುಟ್ಟಾಗಿ ಹರಿದುಹೋಗುತ್ತಿದ್ದ ನೀರು ಅಲ್ಲಿ ತಡೆದು ನಿಂತು, ಮೇಲಿನ ದೊಡ್ಡಮರಳೂರಿನ ಬಾವಿಗಳು ಕೈಗೆಟಕುವಷ್ಟು ತುಂಬಿದ್ದವು. ಇನ್ನೂ ನಲವತ್ತು ಹಳ್ಳಗಳಲ್ಲಿ ಇದೇ ಗೋಡೆ ಬೆಳೆಸಲು ಅವಳ ಸಹಿಯೊಂದು ಬೇಕಿತ್ತು. ಯೋಜನೆಯ ಎಂಜಿನಿಯರ್ ರುದ್ರಗೌಡ ಕಾಗದ ಹಿಡಿದೇ ನಿಂತಿದ್ದ.

ಕೆಳಗಿನ ಚಿಕ್ಕಮರಳೂರಿನಿಂದ ಬಂದಿದ್ದ ಓಬಳಮ್ಮನೆಂಬ ಮುದುಕಿ ಮಾತ್ರ ಚಪ್ಪಾಳೆ ತಟ್ಟದೆ ಎರಡನೆಯ ಕೊಳವೆಯನ್ನೇ ನೋಡುತ್ತಿದ್ದಳು.

"ಇದಾ ನೀವು ಮಾಡಿದ್ದು?" ಎಂದಳು ಮೆಲ್ಲಗೆ. "ನಾನು ಎರಡು ವರ್ಷದಿಂದ ದೇವರನ್ನ ಬೈಕಂಡು ಕೂತಿದ್ದೆ."

ಕೆಳಗೆ ಒಂದೂ ಬಾವಿಯಿಲ್ಲ, ಸಮೀಕ್ಷೆಯಲ್ಲೇ ಇದೆ ಎಂದು ರುದ್ರಗೌಡ ನೆನಪಿಸಿದ. ಆದರೂ ಧಾತ್ರಿ ಮುದುಕಿಯ ಹಿಂದೆ ಹಳ್ಳದಗುಂಟ ನಡೆದಳು. ತಿರುವಿನಲ್ಲಿ, ಹೊಂಗೆಯ ನೆರಳಿನಲ್ಲಿ, ಸೊಂಟದಾಳದ ಒಂದು ಗುಂಡಿ. ಸುತ್ತ ಸವೆದ ಕಲ್ಲುಗಳು. ಮರಳಿನಲ್ಲಿ ಅರ್ಧ ಹೂತ ತೆಂಗಿನ ಚಿಪ್ಪು. ದಿನವೂ ಬೆಳಗ್ಗೆ ಒಂದು ಬೊಗಸೆ ಮರಳು ತೆಗೆದು ಕಾದರೆ ನೀರು ತಾನೇ ಜಿನುಗಿ ಬರುತ್ತಿತ್ತಂತೆ. ಅಜ್ಜಿಯರ ಕಾಲದಿಂದ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಿಕೊಳ್ಳುತ್ತಿದ್ದರಂತೆ. ಅದು ಬತ್ತಿ ಎರಡು ವರ್ಷ; ಈಗ ನೀರಿಗೆ ಆರು ಮೈಲಿ ನಡೆಯುತ್ತಾರಂತೆ.

"ಇದನ್ನ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ದೆನಲ್ಲವ್ವ. ನೀವು ಬಾವಿ ಐತಾ ಅಂತ ಕೇಳಿದ್ರಿ. ಬಾವಿ ಇಲ್ಲ, ಊಟೆ ಐತೆ ಅಂದೆ. ನೀವು ಕೈ ಮುಗಿದು, ಆಯ್ತಮ್ಮ ಆಯ್ತು ಅಂದ್ರಿ. ಬರಕಂಡ್ರು ಅಂದ್ಕಂಡೆ."

ಧಾತ್ರಿಗೆ ಸಮೀಕ್ಷೆಯ ಆ ಮಧ್ಯಾಹ್ನ ನೆನಪಾಯಿತು. ಹೊಸ್ತಿಲಲ್ಲಿ ನಿಂತ ಹೆಂಗಸು, ಒಲೆಯ ಮೇಲಿನ ಸಾರಿನ ವಾಸನೆ. ತಾನು ಕೇಳಿಸಿಕೊಂಡದ್ದು 'ಊಟ ಐತೆ' ಎಂದು. ತನ್ನದು ಆಯಿತು ಎಂದು ಸೌಜನ್ಯದಿಂದ ಹೇಳಿ, ಬಾವಿಯ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಕಾರು ಹತ್ತಿದ್ದಳು. ಊಟೆಯೆಂದರೆ ಒರತೆ; ಶಾಲೆಯಲ್ಲಿ ಆ ಪದವನ್ನು ಸ್ವಂತ ವಾಕ್ಯದಲ್ಲಿ ಬರೆದು ಶಿಕ್ಷಕರಿಂದ ಭೇಷ್ ಎನಿಸಿಕೊಂಡಿದ್ದಳು. ಪುಸ್ತಕದಲ್ಲಿ ಗೊತ್ತಿದ್ದ ಪದ ಬಡವಳ ಬಾಯಲ್ಲಿ ಬಂದಾಗ ಕಿವಿಗೆ ಬೀಳಲಿಲ್ಲ. ಇಂಥವರು ಕೊಡಬಹುದಾದದ್ದು ಒಂದು ತುತ್ತು ಅನ್ನವೇ ಹೊರತು ತಿಳಿವಳಿಕೆಯಲ್ಲ ಎಂದು ಅವಳ ವಿದ್ಯೆ ಮೊದಲೇ ತೀರ್ಮಾನಿಸಿತ್ತು. ಅದು ಕಿವಿಯ ತಪ್ಪಲ್ಲ. ಅವಳ ಮುಖ ಕಾದ ಹಂಚಿನಂತಾಯಿತು.

ಅಷ್ಟರಲ್ಲಿ ಬಂದು ಸೇರಿದ ರುದ್ರಗೌಡ ಸಮಾಧಾನ ಹೇಳಿದ. ವರದಿಯಲ್ಲಿ ಸುಳ್ಳೇನಿಲ್ಲ, ಗುಂಡಿಯನ್ನು ಯಾವ ಕಾನೂನೂ ಬಾವಿ ಎನ್ನುವುದಿಲ್ಲ.

"ಸುಳ್ಳಿಲ್ಲ, ನಿಜ," ಎಂದಳು ಧಾತ್ರಿ. "ಅದಕ್ಕೇ ನಾಚಿಕೆಯಾಗುತ್ತಿದೆ. ಗೋಡೆಯನ್ನು ತೆರೆಯಬೇಕು."

ಜೀವಿಗಳು ಕಟ್ಟಿದ್ದನ್ನು ಅವೇ ಬಿಚ್ಚಲಾರವು. ದುರ್ಬಲ ಆಮ್ಲವನ್ನು ಕೊಳವೆಯಿಂದ ಇಳಿಸಿ, ಸುಣ್ಣಕಲ್ಲನ್ನು ಕರಗಿಸಿ, ಗೋಡೆಯಲ್ಲಿ ಕಿಂಡಿ ಮಾಡಬೇಕು. ಮೇಲಿನ ಬಾವಿಗಳು ಅರ್ಧಕ್ಕಿಳಿಯುತ್ತವೆ. ಇಂದು ಚಪ್ಪಾಳೆ ತಟ್ಟಿದವರೇ ನಾಳೆ ಶಪಿಸುತ್ತಾರೆ. ಅವರಿಗೂ ತಾನೇ ಹೋಗಿ ಹೇಳುವುದಾಗಿ ಅವಳು ಅಂದಳು. ನಲವತ್ತು ಹಳ್ಳಗಳ ಕಾಗದವನ್ನು ರುದ್ರಗೌಡ ಸಹಿಯಿಲ್ಲದೆ ಮಡಚಿಕೊಂಡು ಹೋದ.

"ನೀರು ಯಾವಾಗ ಬರ್ತೈತೆ?" ಎಂದಳು ಓಬಳಮ್ಮ.

ಕಿಂಡಿಯಾದ ಮೇಲೂ ಮರಳಿನೊಳಗೆ ನೀರು ನಿಧಾನ. ನಲವತ್ತು ದಿನವಾದರೂ ಬೇಕು. ಬಂದೇ ಬರುತ್ತದೆ ಎನ್ನಲು ಧಾತ್ರಿಗೆ ಧೈರ್ಯವಾಗಲಿಲ್ಲ; ಅದನ್ನೂ ಮುಚ್ಚಿಡದೆ ಹೇಳಿದಳು. ಮುದುಕಿ ಚಿಪ್ಪಿನ ಮರಳು ಕೊಡವಿ ಎದ್ದಳು.

"ಬಿಸಿಲೇರಿತು. ಊಟ ಐತೆ, ಬರ್ರಿ."

"ಊಟವೋ, ಊಟೆಯೋ?" ಈ ಸಲ ಧಾತ್ರಿ ಕೇಳಿದಳು.

"ಊಟಾನೇ. ಊಟೆ ನೀವು ಉಂಡಾಯ್ತಲ್ಲ."

ಧಾತ್ರಿ ಹೋಗಿ ನೆಲದ ಮೇಲೆ ಕುಳಿತು ಉಂಡಳು. ಆರು ಮೈಲಿ ನಡೆದು ತಂದ ನೀರನ್ನು ಕೈತೊಳೆಯಲು ಕೊಟ್ಟಾಗ ತಲೆಯೆತ್ತಲಿಲ್ಲ.

ಆಮೇಲೆ ಹಳೆಯ ಸಮೀಕ್ಷೆಯ ನಮೂನೆಯನ್ನು ತೆರೆದು, ಊಟೆ ಎಂದು ಬರೆಯಲು ಜಾಗ ಹುಡುಕಿದಳು. ಬಾವಿ, ಕೊಳವೆಬಾವಿ, ಕೆರೆ ಬಿಟ್ಟರೆ ಬೇರೆ ಕಾಲಮ್ಮಿರಲಿಲ್ಲ. ಅಂಚಿನಲ್ಲೇ ಬರೆದಳು. ಆ ನಮೂನೆ ಅವಳ ಕಾಲದ್ದಲ್ಲ, ಮೂವತ್ತೈದು ವರ್ಷ ಹಳೆಯದು. ನಮ್ಮ ಈ ಕಾಲದಲ್ಲಿ, ೨೦೨೪ರಲ್ಲಿ, ನಾವೇ ಅಚ್ಚು ಹಾಕಿಸಿದ್ದು. ಇಂದೂ ಯಾವುದೋ ಊರಿನ ಹೊಸ್ತಿಲಲ್ಲಿ ನಮ್ಮವರು ಅದನ್ನು ಹಿಡಿದು ನಿಂತಿದ್ದಾರೆ. ಒಳಗಿನಿಂದ ಯಾರೋ ಏನೋ ಹೇಳುತ್ತಿದ್ದಾರೆ. ನಾವು ಆಯ್ತಮ್ಮ, ಆಯ್ತು ಎನ್ನುತ್ತಿದ್ದೇವೆ.